ಎಂಜಲ ಲಾಳಿ

ಹನೋರ ಸತ್ತ ಸುದ್ದಿ ಬಂದದ್ದು ಸೋಮವಾರ ಬೆಳಿಗ್ಗೆ. ಅವಳ ನಾಲ್ಕು ಮಗ್ಗ ಡೆಲಿಮಾಳ ಕೊರಳಿಗೆ ಬಿದ್ದದ್ದೂ ಅದೇ ಬೆಳಿಗ್ಗೆ. ಹೆಣ ಇನ್ನೂ ಮಣ್ಣಿಗೆ ಹೋಗಿರಲಿಲ್ಲ. ಹೆಣ ಕಾಯಬಹುದು. ಮಗ್ಗ ಕಾಯುವಂತಿಲ್ಲ.

"ನಿನ್ನ ಹಳೇ ಮಗ್ಗ ನಾಲ್ಕೂ ಲಟಕಾಸಿ, ಲಾಳಿ ಸಮೇತ ಗುಜರಿಗೆ ಹೋಗ್ತಾವೆ. ಇವು ಗಟ್ಟಿ ಮಾಲು. ಅದೃಷ್ಟ ಅಂದ್ಕೊಂಡು ಸುಮ್ನೆ ನಿಂತ್ಕೋ," ಎಂದ ಮೇಸ್ತ್ರಿ ಕ್ಲೆಗ್, ಅವಳ ಕಿವಿಗೆ ಬಾಯಿ ಹಚ್ಚಿ ಕೂಗಿ.

ಡೆಲಿಮಾ ನಿಂತಳು. ಅವಳಿಗೆ ಮಗ್ಗದ ಹೆದರಿಕೆ ಇರಲಿಲ್ಲ. ಹನ್ನೊಂದು ವರ್ಷದಿಂದ ಫಾಲ್ ರಿವರ್ ಊರಿನ ಈ ಗಿರಣಿಯಲ್ಲಿ ಮಗ್ಗ ನಡೆಸಿದ್ದವಳು. ಹೆದರಿಕೆ ಇದ್ದದ್ದು ಲಾಳಿಗಳದ್ದು. ಮಗ್ಗಕ್ಕೆ ಎರಡರಂತೆ ಎಂಟು ಲಾಳಿ. ಎಂಟಕ್ಕೂ ಹನೋರಳ ಬಾಯಿ ತಾಗಿತ್ತು.

ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಐದು ನಿಮಿಷಕ್ಕೆ ಅದರ ನೂಲು ಮುಗಿಯುತ್ತದೆ. ಹೊಸ ಕಂಡಿಕೆ ಹಾಕಬೇಕು, ನೂಲಿನ ತುದಿಯನ್ನು ಲಾಳಿಯ ಪಕ್ಕದ ಸಣ್ಣ ಕಣ್ಣಿನಿಂದ ಹೊರಗೆ ತರಬೇಕು. ಬೆರಳು ತೂರದಷ್ಟು ಸಣ್ಣ ಕಣ್ಣು. ಅದಕ್ಕೆ ಬಾಯಿಟ್ಟು ಜೋರಾಗಿ ಉಸಿರೆಳೆದರೆ ನೂಲು ಸರಕ್ಕನೆ ನಾಲಿಗೆಯ ಮೇಲೆ ಬಂದು ಬೀಳುತ್ತದೆ. ಜೊತೆಗೆ ಹತ್ತಿಯ ಧೂಳು, ಎಣ್ಣೆಯ ಜಿಡ್ಡು, ನಿಮಗಿಂತ ಮುಂಚೆ ಬಾಯಿಟ್ಟವರ ಎಂಜಲು. ದಿನಕ್ಕೆ ಐನೂರು ಸಲ. ಮುಂದಿನ ಹಲ್ಲು ಮೊದಲು ಕಪ್ಪಾಗುತ್ತವೆ, ಆಮೇಲೆ ಉದುರುತ್ತವೆ. ಗಿರಣಿಯವರು ಇದಕ್ಕೆ ಮುತ್ತು ಎಂದು ಹೆಸರಿಟ್ಟಿದ್ದರು. ಲಾಳಿಗೆ ಮುತ್ತು ಕೊಡುವುದು. ಆ ಹೆಸರಿಟ್ಟ ಮಹಾರಾಯ ಒಂದು ದಿನವೂ ಕೊಟ್ಟವನಲ್ಲ.

ಈ ಮುತ್ತನ್ನು ಡೆಲಿಮಾಳಿಗೆ ಕಲಿಸಿದವಳೇ ಹನೋರ. ಐರ್ಲೆಂಡಿನವಳು, ಬಾಯಿ ಜೋರು, ಕೈ ಚುರುಕು. ಡೆಲಿಮಾಳ ಹಾಗೆ ಕೆನಡಾದಿಂದ ಬಂದ ಫ್ರೆಂಚರೆಂದರೆ ಅವಳಿಗೆ ಆಗದು. ಎಲ್ಲರನ್ನೂ ಕಪ್ಪೆ ಎಂದೇ ಕರೆಯುತ್ತಿದ್ದಳು. ಮೊದಲ ದಿನ ಡೆಲಿಮಾ ಓಕರಿಸಿದಾಗ ಹನೋರ ನಕ್ಕಿದ್ದಳು.

"ಏ ಕಪ್ಪೆ, ಬಾಯಿ ಇಟ್ರೆ ಯಾರೂ ಸಾಯಲ್ಲ ಕಣೆ. ಉಪವಾಸ ಇದ್ರೆ ಸಾಯ್ತಾರೆ. ಎಳಿ!"

ಹಾಗೆ ಹೇಳಿದವಳೇ ಸತ್ತಳು. ಎರಡು ವರ್ಷ ಕೆಮ್ಮಿದಳು. ಕೊನೆಯ ಚಳಿಗಾಲದಲ್ಲಿ ಹತ್ತಿಯ ಚಿಂದಿಯಲ್ಲಿ ರಕ್ತ ಉಗುಳಿ, ಚಿಂದಿಯನ್ನು ಮಗ್ಗದ ಕೆಳಗೆ ತುರುಕಿ, ಅದೇ ಬಾಯಿಯನ್ನು ಲಾಳಿಗೆ ಇಡುತ್ತಿದ್ದಳು. ಅವಳಿಗಿಂತ ಮುಂಚೆ ಇದೇ ಮಗ್ಗಗಳಲ್ಲಿ ಲ್ಯಾಂಕಾಷೈರಿನ ಬೆಟ್ಟಿ ಇದ್ದಳು. ಬೆಟ್ಟಿಯೂ ಕೆಮ್ಮಿಯೇ ಹೋದಳು. ಮಗ್ಗಕ್ಕೆ ಶಾಪ ಇದೆ ಎಂದು ಉಳಿದ ಹೆಂಗಸರು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಶಾಪವಂತೆ! ಡೆಲಿಮಾ ಓದು ಬಲ್ಲವಳಲ್ಲ, ಆದರೆ ಕಣ್ಣಿತ್ತು. ಬೆಟ್ಟಿಯ ಬಾಯಿಂದ ಹನೋರಳ ಬಾಯಿಗೆ, ಹನೋರಳ ಬಾಯಿಂದ ಈಗ ತನ್ನ ಬಾಯಿಗೆ. ಇಷ್ಟು ತಿಳಿಯಲು ಡಾಕ್ಟರೇ ಬೇಕೆ?

ಅವಳು ಕ್ಲೆಗ್‌ನ ಮೇಜಿನ ಬಳಿ ಹೋದಳು. ಕ್ಲೆಗ್ ಒಂದು ಕಾಲದಲ್ಲಿ ತಾನೇ ನೇಕಾರನಾಗಿದ್ದವನು. ಈಗ ಕೋಟು ಇತ್ತು, ಕೋಟಿನ ಜೇಬಿನಲ್ಲಿ ಬಿಳಿ ಕರವಸ್ತ್ರ ಇತ್ತು.

"ಮೇಸ್ತ್ರೀ, ಹೊಸ ಲಾಳಿ ಕೊಡಿಸಿ."

"ಯಾಕೆ? ಒಡೆದಿದ್ಯಾ?"

"ಇಲ್ಲ. ಹನೋರಳ ರಕ್ತ ಬಿದ್ದಿದೆ."

"ಹೊಸ ಮಗ್ಗಕ್ಕೆ ಹೊಸ ಲಾಳಿ, ಹಳೇ ಮಗ್ಗಕ್ಕೆ ಹಳೇ ಲಾಳಿ. ಇಷ್ಟು ವರ್ಷ ಆಯ್ತು, ಗೊತ್ತಿಲ್ವಾ?"

"ಹಂಗಾದ್ರೆ ಒಂದು ಕೊಕ್ಕೆ ಇಟ್ಕೊಳ್ತೀನಿ. ಕೊಕ್ಕೇಲಿ ನೂಲು ಎಳೀತೀನಿ. ಬಾಯಿ ಇಡಲ್ಲ."

ಕ್ಲೆಗ್ ನಕ್ಕ. "ಕೊಕ್ಕೆ ಹಿಡ್ಕೊಂಡು ಕೂತ್ರೆ ಮಗ್ಗ ಯಾರು ನಿನ್ನಪ್ಪ ನಡೆಸ್ತಾನಾ? ಲಾಳೀಲಿ ಏನೂ ಇಲ್ಲ. ಖಾಯಿಲೆ ಇರೋದು ನಿಮ್ಮಂಥೋರ ರಕ್ತದಲ್ಲಿ. ಗೇಟಿನ ಹೊರಗೆ ನಲವತ್ತು ಜನ ನಿಂತಿದ್ದಾರೆ ನೋಡು, ಕಿಟಕೀಲಿ ಕಾಣತ್ತೆ. ಒಬ್ಬಳನ್ನ ಕರೀಲಾ?"

ಡೆಲಿಮಾ ವಾಪಸು ಬಂದಳು. ತಲೆಯ ಪಿನ್ನು ಬಿಚ್ಚಿ, ಬಗ್ಗಿಸಿ, ಅದರಿಂದ ನೂಲು ಎಳೆಯಲು ನೋಡಿದಳು. ಬೆವರು ಹಿಡಿದ ಬೆರಳು ಜಾರಿತು. ಗೋಡೆಯ ಕೊಳವೆಯಿಂದ ಉಗಿ ಬರುತ್ತಿತ್ತು. ನೂಲು ಒಣಗಿ ತುಂಡಾಗಬಾರದು ಎಂದು ಕಿಟಕಿಗಳಿಗೆ ಮೊಳೆ ಹೊಡೆದು ಉಗಿ ಬಿಡುತ್ತಾರೆ. ನೂಲಿಗೆ ಅಷ್ಟು ಉಪಚಾರ. ಅವಳು ಒಂದು ಲಾಳಿ ಪೋಣಿಸುವಷ್ಟರಲ್ಲಿ ಎರಡು ಮಗ್ಗ ನಿಂತವು. ಕ್ಲೆಗ್ ದೂರದಿಂದ ಕೈ ಎತ್ತಿದ, ಒಂದು ಬೆರಳು ತೋರಿಸಿದ. ಇನ್ನೊಂದು ಸಲ ನಿಂತರೆ ಎರಡನೆಯ ಬೆರಳು. ಮೂರನೆಯ ಬೆರಳಿಗೆ ಗೇಟು.

ಅವಳು ಲಾಳಿಯನ್ನು ಬಾಯಿಗೆ ಇಟ್ಟಳು. ಕಣ್ಣು ಮುಚ್ಚಿದಳು. ಎಳೆದಳು.

ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರ ಪಾಡು ಅವಳದಾಯಿತು. ಉಗುಳಲೂ ಹೆದರಿಕೆ, ನುಂಗಲೂ ಹೆದರಿಕೆ. ಉಗುಳಿದರೆ ಕ್ಲೆಗ್ ನೋಡುತ್ತಾನೆ, ನುಂಗಿದರೆ ಹನೋರ ಹೊಟ್ಟೆಗೆ ಹೋಗುತ್ತಾಳೆ. ಸಂಜೆಯವರೆಗೆ ಐನೂರು ಸಲ ಹೀಗೇ ಆಯಿತು.

ಮನೆಗೆ ಬಂದವಳು ಮೊದಲು ಬಾಯಿಗೆ ಉಪ್ಪು ಹಾಕಿ ಉಜ್ಜಿದಳು. ಒಸಡು ಕಿತ್ತು ರಕ್ತ ಬಂತು. ರಕ್ತ ಕಂಡು ಜೀವವೇ ಹಾರಿಹೋಯಿತು. ಆಮೇಲೆ ಒಸಡಿನದು ಎಂದು ತಿಳಿದು ಗೋಡೆಗೆ ಒರಗಿ ನಿಂತಳು. ಹತ್ತು ತಿಂಗಳ ಹೆಣ್ಣುಮಗು ಅಲ್ಮಾ ತೆವಳಿಕೊಂಡು ಬಂದು, ಅವಳ ಲಂಗ ಹಿಡಿದು ಎದ್ದು, ಎಂದಿನಂತೆ ತಾಯಿಯ ಬಾಯಿಗೆ ತನ್ನ ಒದ್ದೆ ಬಾಯಿ ತಂದಿತು. ಡೆಲಿಮಾ ಮುಖ ತಿರುಗಿಸಿಕೊಂಡಳು. ಮಗು ಇನ್ನೊಂದು ಕಡೆಯಿಂದ ಬಂತು. ಆ ಕಡೆಯೂ ತಿರುಗಿಸಿಕೊಂಡಳು. ಮಗು ಅತ್ತಿತು.

"ಏನಾಯ್ತೇ ನಿನಗೆ? ಮಗೂನ ಎತ್ಕೊಳ್ಳೋಕೂ ಆಗಲ್ವಾ?" ಎಂದ ಗಂಡ ಜೋತೀಕ್. ಹಿಂದಿನ ವರ್ಷ ಹತ್ತಿ ಹಿಂಜುವ ಯಂತ್ರ ಅವನ ಬಲಗೈಯ ನಾಲ್ಕು ಬೆರಳು ತಿಂದಿತ್ತು. ಅಂದಿನಿಂದ ಬಟಾಣಿ ಸಾರು ಕಾಯಿಸುವುದು, ಮಗು ನೋಡುವುದು ಅವನ ಕೆಲಸ.

ಅವಳು ಹೇಳಿದಳು. ಅವನು ಎಡಗೈಯಲ್ಲಿ ಸೌಟು ತಿರುಗಿಸುತ್ತಾ ಕೇಳಿದ.

"ಕೆಲ್ಸ ಬಿಡ್ತೀನಿ ಅಂತೀಯಾ?"

"ಬಿಡ್ತೀನಿ ಅಂದ್ನಾ? ಹೆದರಿಕೆ ಆಗ್ತಿದೆ ಅಂದೆ."

"ಹೆದರ್ಕೋ. ಬೇಡ ಅನ್ನಲ್ಲ. ಆದ್ರೆ ಬಾಯಿ ಬಿಡ್ಬೇಡ. ಬಡವರ ಕೋಪ ದವಡೆಗೆ ಮೂಲ. ಈ ಮನೆ ಗಿರಣೀದು. ನಮ್ಮನೇಲಿ ಗಿರಣಿಗೆ ಹೋಗೋರು ಯಾರೂ ಇಲ್ಲ ಅಂದ ದಿನ ನಾವು ಹಿಮದಲ್ಲಿ." ಆಮೇಲೆ ಅವಳ ಕಡೆ ನೋಡದೆ, "ಮಗೂನ ನಾನು ಎತ್ಕೊಳ್ತೀನಿ ಬಿಡು," ಎಂದ.

ಅಂದಿನಿಂದ ಅವಳು ಮಗುವಿಗೆ ಮೊಲೆ ಕೊಡುವಾಗ ಬಾಯಿಗೆ ಬಟ್ಟೆ ಕಟ್ಟಿಕೊಂಡಳು.

ಬುಧವಾರ ಕ್ಲೆಗ್ ಹೊಸಬಳೊಬ್ಬಳನ್ನು ಕರೆತಂದ. ಸಮುದ್ರದ ನಡುವಿನ ದ್ವೀಪಗಳಿಂದ ಬಂದ ಪೋರ್ಚುಗೀಸರವಳು. ಹೆಸರು ಲುಸಿಂಡಾ. ಮೂವತ್ತರ ಹೆಂಗಸು, ಬಿಸಿಲಿಗೆ ಕಂದಿದ ಮುಖ, ಹೊಲ ಅಗೆದ ಕೈ. ಗಿರಣಿಯ ಮಾತು ಒಂದಕ್ಷರ ಬಾರದು. ಡೆಲಿಮಾಳ ಪಕ್ಕದಲ್ಲೇ, ಗೋಡೆಯ ಬಳಿ, ಆಗಷ್ಟೇ ಕೂರಿಸಿದ್ದ ನಾಲ್ಕು ಹೊಸ ಮಗ್ಗ ಅವಳಿಗೆ ಸಿಕ್ಕವು. ಹೊಸ ಮಗ್ಗಕ್ಕೆ ಹೊಸ ಲಾಳಿ. ಯಾರ ತುಟಿಯೂ ತಾಗದ, ಮರದ ವಾಸನೆ ಹೋಗದ ಎಂಟು ಲಾಳಿ.

"ನೀನೇ ಕಲಿಸು ಇವಳಿಗೆ," ಎಂದು ಕ್ಲೆಗ್ ಹೋದ.

ಡೆಲಿಮಾಳ ಕಣ್ಣು ಆ ಲಾಳಿಗಳ ಮೇಲೆ ಬಿತ್ತು, ಅಲ್ಲಿಂದ ಏಳಲಿಲ್ಲ.

ಮಧ್ಯಾಹ್ನದ ಸಿಳ್ಳೆಗೆ ಎಲ್ಲರೂ ಬುತ್ತಿ ಹಿಡಿದು ಅಂಗಳಕ್ಕೆ ಇಳಿದರು. ಡೆಲಿಮಾ ಮಗ್ಗ ಒರೆಸುವವಳ ಹಾಗೆ ಉಳಿದಳು. ತನ್ನ ಎಂಟು ಲಾಳಿಗಳನ್ನು, ಲಂಗದ ಮೇಲೆ ಕಟ್ಟಿದ ಮುಂಗವಚದ ಮಡಿಲಿಗೆ ತುಂಬಿದಳು, ಲುಸಿಂಡಾಳ ಮಗ್ಗಗಳಿಗೆ ಹಾಕಿದಳು. ಲುಸಿಂಡಾಳ ಎಂಟನ್ನು ತಂದು ತನ್ನ ಮಗ್ಗಗಳಿಗೆ ಹಾಕಿಕೊಂಡಳು. ಎಲ್ಲಕ್ಕೂ ಒಂದೇ ಅಳತೆ. ಹಳೆಯ ಎಂಟನ್ನೂ ಎಣ್ಣೆ ಬಟ್ಟೆಯಿಂದ ಉಜ್ಜಿ ಮಿಂಚುವಂತೆ ಮಾಡಿದಳು. ಬಂದು ಇನ್ನೂ ಅರ್ಧ ದಿನವಾಗದ ಹೆಂಗಸಿಗೆ ಹಳೆಯದೇನು, ಹೊಸದೇನು?

ಹೀಗೆ ಮಾಡಿದಳು ಡೆಲಿಮಾ. ಅವಳನ್ನು ನಾನು ಒಳ್ಳೆಯವಳೆಂದು ಹೇಳುತ್ತಿಲ್ಲ. ಮೇಲಿನವನು ಕೆಳಗಿನವಳ ಕತ್ತಿನ ಮೇಲೆ ಕಾಲಿಟ್ಟಾಗ, ಕೆಳಗಿನವಳು ಕೈ ಚಾಚಿ ಇನ್ನೂ ಕೆಳಗಿನವಳನ್ನು ಹುಡುಕುತ್ತಾಳೆ. ಗಿರಣಿ ನಡೆಯುವುದೇ ಹಾಗೆ, ಉಗಿಯಿಂದ ಅಲ್ಲ.

ಊಟವಾದ ಮೇಲೆ ಕಲಿಸುವುದಕ್ಕೆ ನಿಂತಳು. ಐನೂರು ಮಗ್ಗದ ಸದ್ದಿನಲ್ಲಿ ಕೂಗಿದರೆ ಪಕ್ಕದವಳಿಗೂ ಕೇಳದು. ಅಲ್ಲಿನ ಹೆಂಗಸರು ತುಟಿ ಆಡಿಸಿ, ಕೈ ಆಡಿಸಿಯೇ ಮಾತಾಡುತ್ತಾರೆ. ಮೂರು ಸಾಲು ಆಚೆ ಇರುವವಳೂ ತುಟಿ ನೋಡಿಯೇ ತಿಳಿದುಕೊಳ್ಳುತ್ತಾಳೆ. ಡೆಲಿಮಾ ಹೊಸ ಲಾಳಿ ಎತ್ತಿ, ಬಾಯಿಗಿಟ್ಟು, ಎಳೆದು ತೋರಿಸಿದಳು. ಲುಸಿಂಡಾ ಸುತ್ತ ನೋಡಿದಳು. ಆ ಸಾಲಿನಲ್ಲಿ ಒಬ್ಬಳು ಲಾಳಿಗೆ ತುಟಿಯಿಡುತ್ತಿದ್ದಳು, ಈ ಸಾಲಿನಲ್ಲಿ ಇನ್ನೊಬ್ಬಳು. ಅವಳ ಮುಖದಲ್ಲಿ ಏನೋ ಹೊಳೆದಂತಾಯಿತು. ತಲೆಯ ವಸ್ತ್ರ ಸರಿಮಾಡಿಕೊಂಡಳು. ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು. ಹನೋರಳ ಲಾಳಿಯನ್ನು ಎರಡು ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಮೆಲ್ಲಗೆ ಮುತ್ತು ಕೊಟ್ಟು, ಮಗ್ಗದ ಮೇಲೆ ಇಟ್ಟಳು.

ಅವಳು ಅದನ್ನು ಪ್ರಾರ್ಥನೆ ಎಂದುಕೊಂಡಿದ್ದಳು. ಸಂತರ ಪದಕಕ್ಕೆ ಮುತ್ತು ಕೊಟ್ಟು ಹೊಲಕ್ಕೆ ಇಳಿಯುವ ಊರಿನವಳು. ಇಲ್ಲಿನವರು ಎಷ್ಟು ದೈವಭಕ್ತರು, ಐದೈದು ನಿಮಿಷಕ್ಕೂ ಪ್ರಾರ್ಥಿಸುತ್ತಾರೆ ಎಂದು ಮೆಚ್ಚಿರಬೇಕು.

ಸಾಲಿನ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. "ಸಂತ ಲಾಳಿಯಮ್ಮಾ, ಕಾಪಾಡು ತಾಯೀ!" ಎಂದು ಒಬ್ಬಳು ತುಟಿಯಲ್ಲೇ ಆಡಿ ತೋರಿಸಿದಳು. ಲುಸಿಂಡಾ ಪೆಚ್ಚಾಗಿ ತಾನೂ ನಕ್ಕಳು. ಡೆಲಿಮಾಳಿಗೆ ನಗು ಬರಲಿಲ್ಲ. ಕೈಯಲ್ಲಿದ್ದ ಕಂಡಿಕೆ ಜಾರಿ ಬಿತ್ತು. ಮತ್ತೆ ತೋರಿಸಿದಳು: ಮುತ್ತಲ್ಲ, ಎಳೆಯಬೇಕು, ಉಸಿರು ಒಳಗೆ. ಲುಸಿಂಡಾ ಎಳೆದಳು. ನೂಲು ಬಂತು. ಅವಳು ಮಗುವಿನ ಹಾಗೆ ಹಿಗ್ಗಿದಳು.

ಆದರೆ ಶಿಲುಬೆಯ ಗುರುತು ಬಿಡಲಿಲ್ಲ. ಗುರುವಾರವೂ ಹಾಕಿದಳು, ಶುಕ್ರವಾರವೂ ಹಾಕಿದಳು. ಪ್ರತಿ ಲಾಳಿಗೂ ಒಮ್ಮೆ. ಡೆಲಿಮಾ ಆ ಕಡೆ ನೋಡಬಾರದೆಂದು ಮುಖ ತಿರುಗಿಸಿದರೂ ಕಣ್ಣಂಚಿಗೆ ಬೀಳುತ್ತಿತ್ತು. ಹಣೆ, ಎದೆ, ಎಡಭುಜ, ಬಲಭುಜ, ಆಮೇಲೆ ಬಾಯಿ. ಗುರುವಾರದ ಊಟದ ಹೊತ್ತಿನಲ್ಲಿ ಲುಸಿಂಡಾ ತನ್ನ ಮುಸುಕಿನ ಜೋಳದ ರೊಟ್ಟಿ ಮುರಿದು ಅರ್ಧ ಇವಳ ಮಡಿಲಿಗೆ ಹಾಕಿದಳು. ಡೆಲಿಮಾ ಅದನ್ನು ತಿನ್ನದೆ ಬುತ್ತಿಗೆ ಹಾಕಿಕೊಂಡಳು. ಹೆದರಿಕೆ ಹೋಗಲಿ ಎಂದು ತಾನೇ ಲಾಳಿ ಬದಲಾಯಿಸಿದ್ದು? ಹೆದರಿಕೆ ಹೋಗಿರಲಿಲ್ಲ. ಪಕ್ಕದ ಮಗ್ಗಕ್ಕೆ ಹೋಗಿ ನಿಂತು ಅಲ್ಲಿಂದ ಇವಳನ್ನೇ ನೋಡುತ್ತಿತ್ತು.

ಶನಿವಾರ, ಊಟದ ಸಿಳ್ಳೆಗೆ ಸ್ವಲ್ಪ ಮುಂಚೆ, ಕ್ಲೆಗ್ ಸಾಲಿಗೆ ಬಂದ. ಲುಸಿಂಡಾಳ ಮಗ್ಗ ಒಂದು ನಿಂತಿತ್ತು. ಅವಳು ಶಿಲುಬೆಯ ಗುರುತು ಹಾಕುತ್ತಿದ್ದಳು.

"ಇದೇನು ಇಗರ್ಜಿನಾ?" ಎಂದ. ಅವಳಿಗೆ ತಿಳಿಯಲಿಲ್ಲ. ಅವನು ಅವಳ ಕತ್ತಿನ ಹಿಂಬದಿಗೆ ಕೈ ಹಾಕಿದ. ಎತ್ತಿಗೆ ನೀರು ಕುಡಿಸುವವರು ತಲೆ ಬಗ್ಗಿಸುವ ಹಾಗೆ ಬಗ್ಗಿಸಿದ. ಇನ್ನೊಂದು ಕೈಯಲ್ಲಿ ಲಾಳಿ ಎತ್ತಿ ಅವಳ ಬಾಯಿಗೆ ಒತ್ತಿದ. "ಎಳಿ! ಎಳಿ ಅಂದ್ರೆ!" ಮರ ಹಲ್ಲಿಗೆ ಬಡಿಯಿತು. ತುಟಿ ಒಡೆದು ರಕ್ತ ಬಂತು. ಅವಳ ಕಣ್ಣು ದೊಡ್ಡದಾಗಿ ಡೆಲಿಮಾಳನ್ನು ಹುಡುಕಿದವು. ಕಲಿಸಿದವಳಲ್ಲವೆ, ಬಿಡಿಸುತ್ತಾಳೆ ಎಂದು.

ಡೆಲಿಮಾ ಬಂದು ಲಾಳಿ ಕಿತ್ತುಕೊಂಡಳು. ತಾನು ಹೇಗೆ ಬಂದೆ ಎಂದು ಅವಳಿಗೇ ತಿಳಿಯಲಿಲ್ಲ. ಧೈರ್ಯ ಎನ್ನುತ್ತಾರಲ್ಲ, ಅದು ಅವಳ ಮೈಯಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಬರೀ ನಡುಕ.

"ಇದು ಹನೋರಳದು," ಎಂದಳು.

"ಏನಂದೆ?"

"ಸತ್ತವಳ ಲಾಳಿ ಇದು. ಇವಳು ಇನ್ನು ಬಾಯಿ ಇಡಲ್ಲ. ನಾನೂ ಇಡಲ್ಲ. ಇದರಲ್ಲಿ ಏನೂ ಇಲ್ಲ ಅಂದ್ಯಲ್ಲ? ನೀನೂ ನೇಕಾರನೇ ಅಲ್ವಾ? ತಗೋ. ಒಂದ್ಸಲ ನೀನು ಎಳಿ."

ಲಾಳಿಯನ್ನು ಅವನ ಎದೆಗೆ ಹಿಡಿದಳು. ಸದ್ದಿನಲ್ಲಿ ಅವಳ ದನಿ ಯಾರಿಗೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಮೂರು ಸಾಲಿನ ಹೆಂಗಸರ ಕಣ್ಣು ಅವಳ ತುಟಿಯ ಮೇಲಿತ್ತು.

ಕ್ಲೆಗ್ ಅವರನ್ನೆಲ್ಲ ನೋಡಿದ. ಲಾಳಿ ತೆಗೆದುಕೊಂಡ. ಒಂದು ಗಳಿಗೆ, ಬಾಯಿಗಿಟ್ಟು ಇವಳ ಸೊಕ್ಕು ಮುರಿಯೋಣ ಎಂದು ಅವನಿಗೂ ಅನ್ನಿಸಿರಬೇಕು. ಕೈ ಗಲ್ಲದವರೆಗೆ ಏರಿತು. ಅಲ್ಲಿ ನಿಂತಿತು. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದ. ಲಾಳಿಯ ಕಣ್ಣನ್ನು ಒರೆಸಿದ. ಮತ್ತೆ ಒರೆಸಿದ. ಆಮೇಲೆ ಲಾಳಿಯನ್ನು ಮಗ್ಗದ ಮೇಲೆ ಇಟ್ಟು, ತನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

ಅವನಿಗೆ ಗೊತ್ತಿತ್ತು. ಬೆಟ್ಟಿ ಕೆಮ್ಮುವಾಗಲೂ ಗೊತ್ತಿತ್ತು, ಹನೋರ ಕೆಮ್ಮುವಾಗಲೂ ಗೊತ್ತಿತ್ತು. ಅಲ್ಲಿದ್ದ ಪ್ರತಿಯೊಬ್ಬ ಹೆಂಗಸೂ ಅದನ್ನು ಕಂಡಳು.

ಕಥೆ ಹೇಳುವವರು ಇಲ್ಲಿ, ಐನೂರು ಮಗ್ಗವೂ ನಿಂತವು ಎನ್ನಬೇಕು. ಸುಳ್ಳು ಯಾಕೆ ಹೇಳಲಿ? ಒಂದೂ ನಿಲ್ಲಲಿಲ್ಲ. ಕಂಡವರು ಕಂಡ ಕಣ್ಣನ್ನು ಕೆಳಗೆ ಮಾಡಿ ತಮ್ಮ ತಮ್ಮ ಲಾಳಿ ಎತ್ತಿಕೊಂಡರು. ಬಾಯಿಗೆ ಇಡುವಾಗ ಒಂದಿಬ್ಬರ ಕೈ ತಡವರಿಸಿತು. ಅಷ್ಟೇ.

"ಹೊರಗೆ ನಡಿ," ಎಂದ ಕ್ಲೆಗ್. "ಸೋಮವಾರದೊಳಗೆ ಮನೆ ಖಾಲಿ ಆಗ್ಬೇಕು. ಈ ಊರಲ್ಲಿ ಯಾವ ಗಿರಣೀಲೂ ನಿನ್ನ ಹೆಸರು ನಡೆಯದ ಹಾಗೆ ಮಾಡ್ತೀನಿ."

ಬೆಳಿಗ್ಗೆ ಕೆಲಸಕ್ಕೆ ಕಾದವರೆಲ್ಲ ಚದುರಿದ್ದ ಗೇಟಿನ ಹೊರಗೆ ಗೋಡೆಗೆ ಒರಗಿ ಡೆಲಿಮಾ ಕೂತಳು. ಮಾಡಿದ್ದರ ಭಯ ಈಗ ಬಂತು. ಹಿಮದ ಗಾಳಿ. ಮನೆಯಲ್ಲಿ ನಾಲ್ಕು ಬೆರಳಿಲ್ಲದ ಗಂಡ, ಮುಖ ತಿರುಗಿಸಿಕೊಂಡ ತಾಯಿಗಾಗಿ ಅಳುವ ಮಗು. ಏನು ಹೇಳಲಿ ಅವನಿಗೆ? ಬಾಯಿ ಬಿಡಬೇಡ ಎಂದಿದ್ದ.

ಊಟದ ಸಿಳ್ಳೆ ಆಯಿತು. ಲುಸಿಂಡಾ ಓಡಿಬಂದಳು. ಒಡೆದ ತುಟಿ ಊದಿತ್ತು. ಡೆಲಿಮಾಳ ಎರಡೂ ಕೈ ಹಿಡಿದು ಎಬ್ಬಿಸಿದಳು. ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು, ಅಳುತ್ತಾ, ನಗುತ್ತಾ. ಆಮೇಲೆ ತನ್ನ ಜನರ ಪದ್ಧತಿಯಂತೆ ಎರಡೂ ಕೆನ್ನೆಗೆ ಮುತ್ತಿಟ್ಟಳು.

ಡೆಲಿಮಾ ಹಿಂದಕ್ಕೆ ಸರಿದಳು. ಮಗುವಿನಿಂದ ಸರಿದ ಹಾಗೆಯೇ. ಆ ತುಟಿ ಮೂರು ದಿನದಿಂದ ಹನೋರಳ ಲಾಳಿಯ ಮೇಲಿದ್ದ ತುಟಿ. ಅಲ್ಲಿ ಇಟ್ಟವಳು ತಾನು. ಹೆದರಿಕೆಗೆ ನಾಚಿಕೆ ಎಂಬುದು ಇಲ್ಲ ನೋಡಿ.

ಸುಮ್ಮನಿದ್ದುಬಿಡಬಹುದಿತ್ತು. ಲಾಳಿ ಬದಲಿಸಿದ್ದನ್ನು ನೋಡಿದವರಿಲ್ಲ, ಕೇಳುವವರಿಲ್ಲ. ತನ್ನನ್ನು ಕಾಪಾಡಿದವಳು ಎಂದು ಲುಸಿಂಡಾ ಸಾಯುವವರೆಗೆ ನೆನೆಯುತ್ತಿದ್ದಳು. ಆ ಸಾಯುವವರೆಗೆ ಎಂಬ ಮಾತೇ ಡೆಲಿಮಾಳನ್ನು ಕುಟುಕಿತು.

ಕೈ ಎತ್ತಿದಳು. ಗಾಳಿಯಲ್ಲಿ ಲಾಳಿಯ ಆಕಾರ ಬರೆದಳು. ಕೆಮ್ಮಿ ತೋರಿಸಿದಳು, ಬಾಯಿಂದ ರಕ್ತ ಸುರಿಯುವಂತೆ ಬೆರಳು ಇಳಿಸಿದಳು. ಕೈಗಳನ್ನು ಎದೆಯ ಮೇಲೆ ಕತ್ತರಿ ಹಾಕಿ ಕಣ್ಣು ಮುಚ್ಚಿದಳು. ಸತ್ತವಳು. ಲುಸಿಂಡಾ ಹೌದೆಂದು ತಲೆಯಾಡಿಸಿದಳು. ಅಷ್ಟು ಅವಳಿಗೂ ತಿಳಿಯಿತು. ಡೆಲಿಮಾ ತನ್ನ ಎದೆ ಮುಟ್ಟಿ ತೋರಿಸಿದಳು. ಸತ್ತವಳ ಲಾಳಿ ಸಿಕ್ಕಿದ್ದು ನನಗೆ. ಮುಂಗವಚ ಹಿಡಿದು ಮಡಿಲು ಮಾಡಿದಳು, ಅದರಲ್ಲಿ ಒಂದೊಂದಾಗಿ ಎಂಟು ಹಾಕಿದಳು, ನಾಲ್ಕು ಹೆಜ್ಜೆ ನಡೆದು ಲುಸಿಂಡಾಳ ಕಾಲ ಬಳಿ ಸುರಿದಳು. ಅಲ್ಲಿಂದ ಇನ್ನೊಂದು ಮಡಿಲು ತುಂಬಿಕೊಂಡು ತನ್ನ ಜಾಗಕ್ಕೆ ಬಂದಳು.

ಲುಸಿಂಡಾಳ ನಗು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬೆರಳು ಚಾಚಿದಳು. ನೀನಾ?

ಡೆಲಿಮಾ ತಲೆಯಾಡಿಸಿದಳು. ನಾನೇ.

ಲುಸಿಂಡಾ ಮುಂಗೈಯಿಂದ ಬಾಯಿ ಒರೆಸಿಕೊಂಡಳು. ಸಾಲದೆಂದು ಸೆರಗಿನಂಥ ತಲೆವಸ್ತ್ರ ಎಳೆದು ಉಜ್ಜಿದಳು, ಒಡೆದ ತುಟಿಯಿಂದ ಮತ್ತೆ ರಕ್ತ ಬರುವವರೆಗೆ. ಡೆಲಿಮಾಳ ಕಾಲ ಬಳಿ ಕ್ಯಾಕರಿಸಿ ಉಗುಳಿದಳು. ಡೆಲಿಮಾ ಕಾಲು ತೆಗೆಯಲಿಲ್ಲ. ತನಗೆ ಸಲ್ಲಬೇಕಾದದ್ದೇ ಸಂದಿತು ಎಂದುಕೊಂಡಳು. ಲುಸಿಂಡಾ ಒಳಗೆ ಹೋದಳು.

ಎರಡನೆಯ ಸಿಳ್ಳೆಯಾಗಿ ಗೇಟು ಮುಚ್ಚಿತು. ಡೆಲಿಮಾಳಿಗೆ ಮನೆಯ ಕಡೆ ಕಾಲು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಸಣ್ಣ ಬಾಗಿಲು ತೆರೆಯಿತು. ಲುಸಿಂಡಾ ಕೆಲಸ ಬಿಟ್ಟು, ಶಾಲು ಹೊದ್ದು ಹೊರಗೆ ಬಂದಳು. ಬುತ್ತಿ ಕಂಕುಳಲ್ಲಿತ್ತು. ಒಳಗಿನಿಂದ ಕ್ಲೆಗ್‌ನ ಬೈಗುಳ ಬಾಗಿಲವರೆಗೆ ಬಂದು ನಿಂತಿತು. ಅವಳು ಡೆಲಿಮಾಳ ಕಡೆ ತಿರುಗಿಯೂ ನೋಡದೆ ಮುಂದೆ ಹೋದಳು. ಡೆಲಿಮಾ ಹತ್ತು ಹೆಜ್ಜೆ ಹಿಂದೆ ನಡೆದಳು. ಇಬ್ಬರ ಮನೆಗೂ ಅದೊಂದೇ ದಾರಿ.

ಎಂಟು ಮಗ್ಗ ಖಾಲಿ ಇವೆ ಎಂಬ ಸುದ್ದಿ ಅವರಿಗಿಂತ ಮುಂಚೆ ಓಡಿತ್ತು. ಇಳಿಜಾರಿನ ಕೆಳಗಿನಿಂದ ಹೆಂಗಸರು ಲಂಗ ಎತ್ತಿ ಹಿಡಿದು, ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದರು. ಲುಸಿಂಡಾ ದಾರಿಯ ನಡುವೆ ಅಡ್ಡ ನಿಂತಳು. ಗಾಳಿಯಲ್ಲಿ ಲಾಳಿ ಬರೆದಳು. ಕೆಮ್ಮಿದಳು. ಕೈ ಎದೆಯ ಮೇಲೆ ಕತ್ತರಿ ಹಾಕಿ ಕಣ್ಣು ಮುಚ್ಚಿದಳು.

"ಹುಚ್ಚಿ ಇರಬೇಕು," ಎಂದಳು ಮುಂದಿನವಳು.

ಡೆಲಿಮಾ ಹೋಗಿ ಲುಸಿಂಡಾಳ ಪಕ್ಕ ನಿಂತಳು. ಲುಸಿಂಡಾ ಒಂದು ಮೊಳ ಆಚೆ ಸರಿದಳು, ಕೈ ಮಾತ್ರ ನಿಲ್ಲಿಸಲಿಲ್ಲ.

"ಅವಳು ಹೇಳ್ತಿರೋದು ನಿಜ ಕಣಮ್ಮಾ," ಎಂದಳು ಡೆಲಿಮಾ. "ಆ ಲಾಳಿಗೆ ಬಾಯಿ ಇಟ್ಟ ಇಬ್ಬರು ಸತ್ರು. ಮೇಸ್ತ್ರಿ ತಾನು ಮುಟ್ಟಿ ಕೈ ಒರೆಸ್ಕೊಂಡ. ನಾನೇ ನೋಡ್ದೆ. ಕೊಕ್ಕೆ ಕೊಟ್ರೆ ಮಾತ್ರ ಮಗ್ಗಕ್ಕೆ ನಿಲ್ತೀವಿ ಅನ್ನಿ."

"ಸಾಯೋದನ್ನ ಆಮೇಲೆ ನೋಡ್ಕೊಳ್ಳೋಣ, ಮೂರು ದಿನ ಆಯ್ತು ಒಲೆ ಹಚ್ಚಿ," ಎಂದು ಮುಂದಿನವಳು ಇಬ್ಬರನ್ನೂ ತಳ್ಳಿ ಗೇಟಿನ ಕಡೆ ಓಡಿದಳು.

ಅವಳ ಹಿಂದೆ ಬಂದವಳು ಓಟ ಬಿಟ್ಟು, ಲುಸಿಂಡಾಳ ಕೈ ನೋಡುತ್ತಾ ನಿಂತಳು.